ಕನ್ಸಲ್ಟಿಂಗ್ ಕೆಲಸಕ್ಕೆ ಕೊಡಗಿನಲ್ಲಿದ್ದುಕೊಂಡೇ ತಯಾರಾಗುವುದು ಹೇಗೆ

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ಗೆ ಸೇರಬೇಕು, ಯಾವ ಕೋರ್ಸ್ ಮಾಡಲಿ ಅಂತ ಕೇಳುವವರು ಈಗ ನಮ್ಮ ಕಡೆಯೂ ಜಾಸ್ತಿ ಆಗಿದ್ದಾರೆ. ಮಡಿಕೇರಿಯಲ್ಲಿ ಬಿ.ಕಾಂ ಓದುತ್ತಿರುವವರು, ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಮಾಡುತ್ತಿರುವವರು, ಬೆಂಗಳೂರಿನಲ್ಲಿ ಯಾವುದೋ ಕೆಲಸದಲ್ಲಿದ್ದು ಅದು ಸಾಕಾಗಿ ಹೋದವರು. ಎಲ್ಲರಿಗೂ ನಾನು ಹೇಳುವುದು ಒಂದೇ. ಕೋರ್ಸ್ ಆಮೇಲೆ ನೋಡೋಣ. ಮೊದಲು ನಿಮ್ಮ ಊರಲ್ಲಿ ವ್ಯವಹಾರ ಮಾಡುವ ಒಬ್ಬರನ್ನು ಹಿಡಿಯಿರಿ. ಅವರ ತಲೆ ತಿನ್ನುತ್ತಿರುವ ಒಂದು ಪ್ರಶ್ನೆ ತೆಗೆದುಕೊಳ್ಳಿ. ಲೆಕ್ಕ ನೋಡಿ, ನಾಲ್ಕು ಜನರನ್ನು ಮಾತಾಡಿಸಿ, ಕೊನೆಗೆ ಒಂದು ಪುಟದ ಉತ್ತರ ಬರೆದು ಕೊಡಿ. ಅದನ್ನು ಓದಿ ಅವರು ಹೂಂ ಅಥವಾ ಬೇಡ ಅಂತ ತೀರ್ಮಾನ ಮಾಡುವಂತಿರಬೇಕು. ಈ ಕೆಲಸಕ್ಕೆ ಬೇಕಾದ ಎಲ್ಲಾ ಕೌಶಲ ಇದರಲ್ಲೇ ಬರುತ್ತದೆ. ಇದಕ್ಕೆ ಬೇಕಾದ ಜಾಗವೂ ಕೊಡಗಿನಲ್ಲಿ ಕಾಲಿಟ್ಟಲ್ಲೆಲ್ಲಾ ಇದೆ: ತೋಟ, ಹೋಂಸ್ಟೇ, ಸಹಕಾರ ಸಂಘ, ಕಾಫಿ ಕ್ಯೂರಿಂಗ್ ವರ್ಕ್ಸ್, ಗೊಬ್ಬರದ ಅಂಗಡಿ, ಬೇಕರಿ, ಜೀಪ್ ಓಡಿಸುವವರು.

ಕನ್ಸಲ್ಟಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಂಪನಿಗೆ ದೊಡ್ಡ ಪ್ರಶ್ನೆ ಬರುತ್ತದೆ. ಲಾಭ ಯಾಕೆ ಕಡಿಮೆ ಆಯ್ತು, ಹೊಸ ಊರಿಗೆ ಹೋಗಬೇಕಾ, ಖರ್ಚು ಎಲ್ಲಿ ಸೋರುತ್ತಿದೆ ಅನ್ನುವಂಥದ್ದು. ಹೊರಗಿನಿಂದ ಒಂದು ಸಣ್ಣ ತಂಡ ಬಂದು ಕೆಲವು ವಾರ ಅಥವಾ ತಿಂಗಳು ಕೂತು ಉತ್ತರ ಹುಡುಕಿ ಕೊಡುತ್ತದೆ. 1926ರಲ್ಲಿ ಶುರುವಾದ ಮೆಕಿನ್ಸಿ, 1963ರ ಬಿಸಿಜಿ, 1973ರ ಬೇನ್, ಈ ಮೂರು ಹೆಸರು ಎಲ್ಲರೂ ಕೇಳಿರುತ್ತೀರಿ. ಡೆಲಾಯ್ಟ್, ಪಿಡಬ್ಲ್ಯೂಸಿ, ಇವೈ, ಕೆಪಿಎಂಜಿ ಕೂಡ ಇದೇ ಕೆಲಸ ದೊಡ್ಡ ಮಟ್ಟದಲ್ಲಿ ಮಾಡುತ್ತವೆ. ಹೊಸದಾಗಿ ಸೇರಿದವರ ಪಾಲಿಗೆ ಬರುವುದು ಅಂಕಿ ಕಲೆಹಾಕುವುದು, ಜನರನ್ನು ಮಾತಾಡಿಸುವುದು, ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವುದು, ಸ್ಲೈಡ್ ಮಾಡುವುದು. ಹೊರಗಿನಿಂದ ನೋಡಿದರೆ ಸೂಟು ಬೂಟು ಕಾಣುತ್ತದೆ, ಒಳಗೆ ಇರುವುದು ಇಷ್ಟೇ.

ಹೇಳಿದ ಪ್ರಶ್ನೆ, ಅದರ ಒಳಗಿನ ಪ್ರಶ್ನೆ

ಕಕ್ಕಬ್ಬೆ ಕಡೆ ಒಂದು ಹೋಂಸ್ಟೇ ಇದೆ ಅಂದುಕೊಳ್ಳಿ. ನಾಲ್ಕು ರೂಮು. ನಡೆಸುವ ಅಕ್ಕ ಹೇಳುತ್ತಾರೆ, "ಶುಕ್ರವಾರ, ಶನಿವಾರ ಫುಲ್. ವಾರದ ಮಧ್ಯೆ ಖಾಲಿ. ಸೋಮವಾರದಿಂದ ಗುರುವಾರದವರೆಗೆ ಜನ ಬರೋ ಹಾಗೆ ಏನಾದ್ರೂ ಮಾಡಿಕೊಡಪ್ಪ."

ಇಲ್ಲಿ ಹೆಚ್ಚಿನವರು ತಕ್ಷಣ ಇನ್‌ಸ್ಟಾಗ್ರಾಮ್, ರೀಲ್ಸ್, ಡಿಸ್ಕೌಂಟ್ ಅಂತ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಕನಿಗೆ ನಿಜವಾಗಿ ಬೇಕಾಗಿರುವುದು ಏನು? ರೂಮ್ ತುಂಬುವುದಾ, ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು ಜಾಸ್ತಿ ಆಗುವುದಾ? ಕೇಳಿದರೆ ಎರಡನೆಯದು ಅನ್ನುತ್ತಾರೆ. ಹಾಗಿದ್ದರೆ ವಾರದ ಮಧ್ಯದ ಖಾಲಿ ರೂಮು ಒಂದು ದಾರಿ ಮಾತ್ರ. ಬೇರೆ ದಾರಿಗಳೂ ಇವೆ. ಉಳಿಯುವ ದುಡ್ಡು ಅಂದರೆ ಬಂದ ದುಡ್ಡಿನಲ್ಲಿ ಖರ್ಚು ಕಳೆಯುವುದು. ಬರುವ ದುಡ್ಡಿನಲ್ಲಿ ಮಾರಾಟವಾದ ರೂಮು ಎಷ್ಟು, ಪ್ರತಿ ರೂಮಿನ ದರ ಎಷ್ಟು, ಊಟ ಮತ್ತು ಕ್ಯಾಂಪ್‌ಫೈರ್ ಥರದ ಹೆಚ್ಚುವರಿ ಎಷ್ಟು. ಖರ್ಚಿನಲ್ಲಿ ಜನ ಬಂದರೂ ಬರದಿದ್ದರೂ ಆಗುವ ಖರ್ಚು ಯಾವುದು, ಜನ ಬಂದರೆ ಮಾತ್ರ ಆಗುವುದು ಯಾವುದು. ಹೀಗೆ ಒಂದು ಹಾಳೆಯ ಮೇಲೆ ಕೊಂಬೆ ಕೊಂಬೆಯಾಗಿ ಬಿಡಿಸಿ ಬರೆಯಿರಿ. ಒಂದು ಕೊಂಬೆಯಲ್ಲಿ ಬಂದದ್ದು ಇನ್ನೊಂದರಲ್ಲಿ ಬರಬಾರದು, ಯಾವುದೂ ಬಿಟ್ಟುಹೋಗಲೂಬಾರದು. ಕನ್ಸಲ್ಟಿಂಗ್‌ನವರು ಇದನ್ನು ಎಂಇಸಿಇ (MECE) ಅಂತ ಕರೆದು ಹೊಸಬರಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ.

ಈಗ ಅಂಕಿ ಹಾಕೋಣ. ಇವೆಲ್ಲ ಉದಾಹರಣೆಗೆ ಹಿಡಿದ ಅಂಕಿ, ನೀವು ಮಾಡುವಾಗ ನಿಮ್ಮವರ ಪುಸ್ತಕದ ಅಂಕಿ ಹಾಕಿಕೊಳ್ಳಿ. ವಾರಾಂತ್ಯದಲ್ಲಿ ತಿಂಗಳಿಗೆ 34 ರೂಮ್ ಮಾರಾಟ, ದರ 3,000 ರೂಪಾಯಿ. ಬುಕಿಂಗ್ ಸೈಟ್‌ಗೆ ನೂರಕ್ಕೆ 18 ಕಮಿಷನ್. ಇಬ್ಬರ ಊಟ ತಿಂಡಿಗೆ 800, ಬಟ್ಟೆ ಒಗೆಯುವುದು, ಸೋಪು ಇತ್ಯಾದಿ 100. ಒಂದು ರೂಮಿಗೆ 540 ಕಮಿಷನ್ ಮತ್ತು 900 ಖರ್ಚು ಕಳೆದರೆ 1,560 ಉಳಿಯುತ್ತದೆ. ವಾರದ ಮಧ್ಯೆ ಜನರನ್ನು ಸೆಳೆಯಲು ದರ 2,000ಕ್ಕೆ ಇಳಿಸಿದರೆ 360 ಕಮಿಷನ್, 900 ಖರ್ಚು, ಉಳಿಯುವುದು 740 ಮಾತ್ರ.

ಈಗ ಇನ್ನೊಂದು ದಾರಿ. ವಾರಾಂತ್ಯದ ದರವನ್ನು 3,500 ಮಾಡಿದರೆ? ಒಂದು ರೂಮಿಗೆ ಉಳಿಯುವುದು 1,970. ಅಂದರೆ 410 ಜಾಸ್ತಿ. 34 ರೂಮಿಗೆ 13,940. ಇಷ್ಟೇ ದುಡ್ಡನ್ನು ವಾರದ ಮಧ್ಯೆ ದುಡಿಯಬೇಕಾದರೆ ಹೊಸದಾಗಿ 19 ರೂಮ್ ಮಾರಬೇಕು, ಅದಕ್ಕೆ ಅಡುಗೆಯವರೂ ದಿನಾ ಇರಬೇಕು.

"ದರ ಏರಿಸಿದ್ರೆ ಜನ ಬರಲ್ಲ" ಅಂತ ಅಕ್ಕ ಹೇಳುತ್ತಾರೆ. ನ್ಯಾಯವಾದ ಮಾತು. ಆಗ ಇನ್ನೊಂದು ಲೆಕ್ಕ ಮಾಡಿ: ಎಷ್ಟು ಜನ ಬರದಿದ್ದರೂ ಪರವಾಗಿಲ್ಲ? ಈಗ 34 ರೂಮಿಂದ 53,040 ಉಳಿಯುತ್ತಿದೆ. ಹೊಸ ದರದಲ್ಲಿ 27 ರೂಮ್ ಮಾತ್ರ ಮಾರಾಟವಾದರೂ 53,190. ಅಂದರೆ 7 ರೂಮ್ ಕೈತಪ್ಪಿದರೂ ನಷ್ಟ ಇಲ್ಲ, ಕೆಲಸ ಕಡಿಮೆ. ಈ ಒಂದು ವಾಕ್ಯ ಅಕ್ಕನಿಗೆ ಕೊಡುವ ಧೈರ್ಯವನ್ನು ಎಷ್ಟು ರೀಲ್ಸ್ ಮಾಡಿದರೂ ಕೊಡಲು ಆಗುವುದಿಲ್ಲ. ಯಾಕೆಂದರೆ ಈಗ ಅವರು ಭಯವನ್ನು ಅಂಕಿಯ ಪಕ್ಕ ಇಟ್ಟು ನೋಡಬಹುದು. ಒಂದು ತಿಂಗಳು ಎರಡು ರೂಮಿಗೆ ಮಾತ್ರ ಹೊಸ ದರ ಹಾಕಿ ನೋಡೋಣ ಅನ್ನುವ ಹಂತಕ್ಕೆ ಮಾತು ಬರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಈ ಲೆಕ್ಕ ಜುಲೈ, ಆಗಸ್ಟ್‌ನಲ್ಲೂ ನಿಲ್ಲುತ್ತದಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಏನಾಯ್ತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಒಂದು ತಿಂಗಳು ಯಾರೂ ಬರದೇ ಇದ್ದರೆ ಸಂಬಳ, ಸಾಲದ ಕಂತು, ಕರೆಂಟ್ ಬಿಲ್‌ಗೆ ಎಷ್ಟು ದುಡ್ಡು ಕೈಯಲ್ಲಿರಬೇಕು? ಈ ಪ್ರಶ್ನೆಯನ್ನು ಅಕ್ಕ ಕೇಳಿರುವುದಿಲ್ಲ. ನೀವು ಕೇಳಬೇಕು.

ಜನರನ್ನು ಮಾತಾಡಿಸುವುದು

ಇದು ಎಲ್ಲಕ್ಕಿಂತ ಕಷ್ಟದ್ದು, ಇದಕ್ಕೇ ಯಾರೂ ಅಭ್ಯಾಸ ಮಾಡುವುದಿಲ್ಲ.

ತೋಟದ ಮನೆಗೆ ಹೋಗಿ "ನಿಮ್ಮ ಸಮಸ್ಯೆ ಏನು?" ಅಂತ ಕೇಳಿದರೆ "ಕೆಲಸಕ್ಕೆ ಜನ ಸಿಗಲ್ಲ" ಅನ್ನುವ ಉತ್ತರ ಬರುತ್ತದೆ. ಸುಳ್ಳಲ್ಲ. ಕೊಡಗಿನಲ್ಲಿ ಇದು ದೊಡ್ಡ ತೊಂದರೆಯೇ, ಅಸ್ಸಾಂನಿಂದ ಬಂದವರು ಇಲ್ಲದಿದ್ದರೆ ಎಷ್ಟೋ ತೋಟದಲ್ಲಿ ಕೊಯ್ಲೇ ನಡೆಯುವುದಿಲ್ಲ. ಆದರೆ ಆ ಉತ್ತರದಿಂದ ನೀವು ಏನೂ ಮಾಡಲಾಗುವುದಿಲ್ಲ. ಅಭಿಪ್ರಾಯ ಕೇಳುವ ಬದಲು ನಡೆದದ್ದನ್ನು ಕೇಳಿ.

"ಮಾವ, ಹೋದ ಜನವರಿಯಲ್ಲಿ ಮೊದಲನೇ ವಾರ ಎಷ್ಟು ಜನ ಬಂದಿದ್ರು?"

"ಹತ್ತು ಹನ್ನೆರಡು ಜನ ಇದ್ರು."

"ಚೆಕ್‌ರೋಲ್ ಒಮ್ಮೆ ನೋಡ್ಬಹುದಾ?"

ಆ ಹಾಜರಿ ಪುಸ್ತಕ ಬಂತು ಅಂದರೆ ಅರ್ಧ ಕೆಲಸ ಆದ ಹಾಗೆ. ಅದರಲ್ಲಿ ಸೋಮವಾರ 12, ಮಂಗಳವಾರ 12, ಶುಕ್ರವಾರ 5 ಅಂತ ಇರಬಹುದು. ಮಡಿಕೇರಿ ಹತ್ತಿರದ ತೋಟವಾದರೆ ಶುಕ್ರವಾರ ಸಂತೆ ಅಂತ ನಿಮಗೇ ಗೊತ್ತು. ಈಗ ಪ್ರಶ್ನೆ ಬೇರೆ ಆಯ್ತು. ಜನ ಸಿಗುತ್ತಿಲ್ಲ ಅನ್ನುವುದು ಒಂದು, ಸಿಕ್ಕಿದ ಜನ ವಾರದಲ್ಲಿ ಒಂದು ದಿನ ಅರ್ಧಕ್ಕರ್ಧ ಬರುತ್ತಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ ಬೇರೆ. ಬಟವಾಡೆ ಯಾವ ದಿನ ಕೊಡುತ್ತಾರೆ, ಸಂತೆಗೆ ಹೋಗಿ ಬರಲು ಬಸ್ ಎಷ್ಟು ಹೊತ್ತಿಗೆ, ರಜೆ ದಿನವನ್ನೇ ಸಂತೆ ದಿನಕ್ಕೆ ಬದಲಾಯಿಸಬಹುದಾ, ಇವೆಲ್ಲ ಆಗ ಕೇಳುವ ಪ್ರಶ್ನೆಗಳು.

ಮಾವನನ್ನು ಮಾತ್ರ ಮಾತಾಡಿಸಿ ಎದ್ದು ಬರಬೇಡಿ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಗೊತ್ತಿರುವುದು ಬೇರೆ. ಕೆಲಸಗಾರರ ಲೈನ್ ಮನೆಯಲ್ಲಿರುವ ಹೆಂಗಸರಿಗೆ ಗೊತ್ತಿರುವುದು ಇನ್ನೂ ಬೇರೆ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸಕ್ಕೆ ಬರಲಾಗದ ತಾಯಿ ಚೆಕ್‌ರೋಲ್‌ನಲ್ಲಿ ಬರೀ "ಗೈರು". ಅವರ ಹತ್ತಿರ ಹೋಗುವಾಗ ಪ್ಯಾಡು, ಪೆನ್ನು ಹಿಡಿದು ವಿಚಾರಣೆ ಮಾಡುವವರ ಹಾಗೆ ನಿಲ್ಲಬೇಡಿ. ಜೊತೆಯಲ್ಲಿ ಸ್ವಲ್ಪ ಹೊತ್ತು ಕೆಲಸ ನೋಡಿ, ಮಾತು ತಾನಾಗೇ ಬರುತ್ತದೆ. ಮನೆಗೆ ಬಂದ ಮೇಲೆ ಅವತ್ತೇ ರಾತ್ರಿ ಬರೆದಿಡಿ. ಅವರು ಹೇಳಿದ ಮಾತು ಒಂದು ಕಡೆ, ನಿಮಗೆ ಅನಿಸಿದ್ದು ಇನ್ನೊಂದು ಕಡೆ. ಎರಡನ್ನೂ ಬೆರೆಸಿದರೆ ಹತ್ತು ದಿನದ ನಂತರ ಯಾವುದು ಯಾರದ್ದು ಅಂತ ನಿಮಗೇ ತಿಳಿಯುವುದಿಲ್ಲ.

ಮೊದಲ ದಿನವೇ ಎಷ್ಟು ಎಕರೆ, ಎಷ್ಟು ಆದಾಯ, ಸಾಲ ಎಷ್ಟು ಅಂತ ಕೇಳಬೇಡಿ. ಕೊಟ್ಟ ಕಾಫಿ ಕುಡಿದು, ಮಳೆ ಹೇಗಾಯ್ತು, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸರಿಯಾಗಿ ಸಿಕ್ಕಿತಾ ಅಂತ ಶುರು ಮಾಡಿ. ಇದು ಬರೀ ಮರ್ಯಾದೆ ಅಲ್ಲ. ಆ ಉತ್ತರದಲ್ಲೇ ಅರ್ಧ ವಿಷಯ ಇರುತ್ತದೆ.

ಅಂದಾಜು ಹಾಕುವ ಅಭ್ಯಾಸ

ಕನ್ಸಲ್ಟಿಂಗ್ ಇಂಟರ್‌ವ್ಯೂನಲ್ಲಿ "ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ದೋಸೆ ಮಾರಾಟವಾಗುತ್ತದೆ?" ಥರದ ಪ್ರಶ್ನೆ ಕೇಳುತ್ತಾರೆ. ಸರಿ ಉತ್ತರ ಅವರಿಗೂ ಗೊತ್ತಿರುವುದಿಲ್ಲ, ನೀವು ಹೇಗೆ ಯೋಚಿಸುತ್ತೀರಿ ಅಂತ ನೋಡುತ್ತಾರೆ. ಇಂಥ ಪ್ರಶ್ನೆಗೆ ಮನೆಯಲ್ಲಿ ಕೂತು ಅಭ್ಯಾಸ ಮಾಡುವವರ ತೊಂದರೆ ಏನೆಂದರೆ, ತಾವು ಹಾಕಿದ ಅಂದಾಜು ಸರಿಯಾ ಅಂತ ನೋಡಲು ದಾರಿಯೇ ಇಲ್ಲ. ನಮಗೆ ಆ ದಾರಿ ಇದೆ. ಗೊತ್ತಿರುವವರು ಪಕ್ಕದ ಮನೆಯಲ್ಲೇ ಇದ್ದಾರೆ.

10 ಎಕರೆ ರೊಬಸ್ಟಾ ಕಾಫಿ ತೋಟದ ಕೊಯ್ಲಿಗೆ ಎಷ್ಟು ಜನ ಬೇಕು? ಎಕರೆಗೆ 50 ಕೆಜಿಯ 15 ಚೀಲ ಒಣ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಅಂತ ಹಿಡಿಯೋಣ. 150 ಚೀಲ, 7,500 ಕೆಜಿ. ಹಣ್ಣು ಒಣಗಿದಾಗ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಹಾಗಾಗಿ ಗಿಡದಿಂದ ಕೊಯ್ಯಬೇಕಾದ ಹಣ್ಣು ಸುಮಾರು 16,500 ಕೆಜಿ. ಒಬ್ಬರು ದಿನಕ್ಕೆ 80 ಕೆಜಿ ಕೊಯ್ದರೆ 206 ಆಳು (ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದು ಆಳು). ಒಂದು ತಿಂಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ 7 ಜನ.

ಈಗ ಸಂಜೆ ಹೋಗಿ ಕೇಳಿ. "ನಮಗೆ 300 ಆಳು ಬೇಕಾಯ್ತು" ಅಂತ ಹೇಳಿದರೆ ಅಲ್ಲಿಂದ ನಿಜವಾದ ಕಲಿಕೆ ಶುರು. ಎಲ್ಲಿ ವ್ಯತ್ಯಾಸ ಬಂತು? ಹಣ್ಣು ಒಟ್ಟಿಗೆ ಆಗದೆ ಎರಡು ಸಲ ಕೊಯ್ದರಾ, ಕೊಂಬೆ ಸವರುವ ಕಪಾತು ಸರಿ ಇಲ್ಲದೆ ಗಿಡ ಎತ್ತರ ಹೋಗಿದೆಯಾ, ಇಳಿಜಾರು ಜಾಸ್ತಿಯಾ, ಸಿದ್ದಾಪುರ ಕಡೆಯ ಹಾಗೆ ಆನೆ ಇದೆ ಅಂತ ಬೆಳಿಗ್ಗೆ ಕೆಲಸ ತಡವಾಗಿ ಶುರು ಆಯ್ತಾ? ನೀವು ಹಿಡಿದ ಒಂದೊಂದು ಅಂಕಿಯ ಹಿಂದೆಯೂ ಒಂದು ಕಾರಣ ಇದೆ ಅಂತ ಹೀಗೆ ಗೊತ್ತಾಗುತ್ತದೆ.

ಇನ್ನೊಂದು: ಇಬ್ಬರು ಒಂದೇ ದಿನ, ಒಂದೇ ಅಂಗಡಿಗೆ ತಲಾ 150 ಚೀಲ ಚೆರಿ ಕೊಟ್ಟರು. ಔಟ್‌ಟರ್ನ್ ಅಂದರೆ ಒಂದು ಚೀಲ ಚೆರಿಯಿಂದ ಎಷ್ಟು ಕೆಜಿ ಕಾಫಿ ಬೀಜ ಸಿಗುತ್ತದೆ ಅನ್ನುವುದು. ಒಬ್ಬರದ್ದು 26, ಇನ್ನೊಬ್ಬರದ್ದು 24. ಚೀಲಕ್ಕೆ 2 ಕೆಜಿ ಕಾಫಿ ಬೀಜ ಕಡಿಮೆ, ಒಟ್ಟು 300 ಕೆಜಿ. ಇವತ್ತಿನ ದರ ಹಾಕಿ ಎಷ್ಟು ದುಡ್ಡು ಅಂತ ನೋಡಿ. ಆಮೇಲೆ ಆ ವ್ಯತ್ಯಾಸ ಕೊಯ್ಲಿನಲ್ಲಿ ಬಂತಾ, ಕಣದಲ್ಲಿ ಒಣಗಿಸುವಾಗ ಬಂತಾ, ಗಿಡದಲ್ಲೇ ಇತ್ತಾ ಅಂತ ಹುಡುಕುತ್ತಾ ಹೋಗಿ. ಬೆಲೆ ನಮ್ಮ ಕೈಯಲ್ಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಔಟ್‌ಟರ್ನ್ ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಎಕ್ಸೆಲ್

ಎಕ್ಸೆಲ್ ಕಲಿಯಲು ಯೂಟ್ಯೂಬ್ ಸಾಕು. ಸಮ್‌ಇಫ್ಸ್, ಎಕ್ಸ್‌ಲುಕಪ್, ಪಿವೋಟ್ ಟೇಬಲ್, ಸರಳ ಚಾರ್ಟ್. ಶುರುವಿಗೆ ಇಷ್ಟೇ ಸಾಕು. ಕಷ್ಟ ಇರುವುದು ಕೊಳಕು ಅಂಕಿಯನ್ನು ಶುದ್ಧ ಮಾಡುವುದರಲ್ಲಿ, ಅದನ್ನು ಯಾವ ವಿಡಿಯೋ ನೋಡಿದರೂ ಕಲಿಯಲಾಗುವುದಿಲ್ಲ.

ಅದಕ್ಕೆ ನನ್ನ ಸಲಹೆ, ತೋಟದ ಮನೆಯ ಮಳೆ ಪುಸ್ತಕ. ಹಳೇ ತೋಟದ ಮನೆಗಳಲ್ಲಿ ಮಳೆ ಮಾಪಕ ಇರುತ್ತದೆ, ಬೆಳಿಗ್ಗೆ ಅಳೆದು ಡೈರಿಯಲ್ಲಿ ಇಂಚು, ಸೆಂಟ್ಸ್‌ನಲ್ಲಿ ಬರೆದಿರುತ್ತಾರೆ. ಹಲವು ವರ್ಷಗಳ ಲೆಕ್ಕ. ಅಜ್ಜನ ಕೈಬರಹ ಒಂದು ಥರ, ಚಿಕ್ಕಪ್ಪನದ್ದು ಇನ್ನೊಂದು ಥರ. ಕೆಲವು ದಿನ ಖಾಲಿ. ಆ ಖಾಲಿ ಅಂದರೆ ಮಳೆ ಬರಲಿಲ್ಲವಾ, ಮನೆಯವರು ಊರಲ್ಲಿರಲಿಲ್ಲವಾ? ಈ ಪ್ರಶ್ನೆ ಹುಟ್ಟಿತಲ್ಲ, ಅದೇ ಬೇಕಾದದ್ದು. ಖಾಲಿ ಜಾಗಕ್ಕೆ ಸುಮ್ನೆ ಸೊನ್ನೆ ಹಾಕಿದರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ, ಇಂಚಿಗೆ 25.4 ಮಿಲಿಮೀಟರ್ ಅಂತ ಬದಲಾಯಿಸಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂಮಳೆ ಯಾವತ್ತು ಬಿತ್ತು, ಅದರ ನಂತರದ ಮಳೆ ಎಷ್ಟು ದಿನ ಬಿಟ್ಟು ಬಂತು ಅಂತ ಬೇರೆ ಕಾಲಂ ಮಾಡಿ. ಪಕ್ಕದಲ್ಲಿ ಆ ಹೂವಿನ ಬೆಳೆ ಎಷ್ಟು ಚೀಲ ಆಯ್ತು ಅಂತ ಹಾಕಿ. ಹೂಮಳೆ ಚೆನ್ನಾಗಿ ಬಂದ ವರ್ಷವೂ ಬೆಳೆ ಕಡಿಮೆ ಇದ್ದರೆ ಯಾಕೆ? ಸ್ಪ್ರಿಂಕ್ಲರ್ ಹಾಕಿದ ಮೇಲೆ ಮಳೆಗೂ ಬೆಳೆಗೂ ಇದ್ದ ಸಂಬಂಧ ಬದಲಾಯ್ತಾ? ಮನೆಯ ಹಿರಿಯರ ಮುಂದೆ ಆ ಚಾರ್ಟ್ ಇಟ್ಟು ನೋಡಿ. ನಿಮಗೆ ಹೊಳೆಯದ ಕಾರಣ ಅವರ ಬಾಯಿಂದ ಬರುತ್ತದೆ.

ಒಂದು ನಿಯಮ ಮಾತ್ರ ತಪ್ಪಬೇಡಿ. ನೀವು ಊಹೆ ಮಾಡಿ ಹಾಕಿದ ಅಂಕಿಗಳೆಲ್ಲ ಒಂದೇ ಶೀಟ್‌ನಲ್ಲಿ, ಒಂದೇ ಬಣ್ಣದಲ್ಲಿ ಇರಲಿ. ಯಾರಾದರೂ "80 ಕೆಜಿ ಅಲ್ಲ, 60" ಅಂದರೆ ಒಂದು ಕಡೆ ಬದಲಾಯಿಸಿದರೆ ಎಲ್ಲಾ ಕಡೆ ಬದಲಾಗಬೇಕು.

ಒಂದು ಪುಟ

ತಿಂಗಳು ಪೂರ್ತಿ ಮಾಡಿದ ಕೆಲಸವನ್ನು ಒಂದೇ ಪುಟಕ್ಕೆ ಇಳಿಸುವುದು ಸಂಕಟದ ಕೆಲಸ. ನಾವು ಪಟ್ಟ ಕಷ್ಟವೆಲ್ಲ ಕಾಣಲಿ ಅಂತ ಮನಸ್ಸು ಹೇಳುತ್ತದೆ. ಆದರೆ ಓದುವವರಿಗೆ ನಿಮ್ಮ ಕಷ್ಟ ಬೇಕಿಲ್ಲ, ಉತ್ತರ ಬೇಕು. ಮೊದಲ ಸಾಲಿನಲ್ಲೇ ಉತ್ತರ: "ವಾರಾಂತ್ಯದ ದರವನ್ನು 3,500ಕ್ಕೆ ಏರಿಸಿ, 7 ರೂಮ್ ಕಡಿಮೆ ಹೋದರೂ ನಷ್ಟ ಇಲ್ಲ." ಆಮೇಲೆ ಮೂರು ಕಾರಣ. ಆಮೇಲೆ ಏನು ತಪ್ಪಾಗಬಹುದು. ಕೊನೆಗೆ ಬರುವ ಸೋಮವಾರ ಯಾರು ಏನು ಮಾಡಬೇಕು. ಸ್ಲೈಡ್ ಮಾಡುವಾಗಲೂ ಹೀಗೇ. ತಲೆಬರಹದಲ್ಲಿ "ದರದ ವಿಶ್ಲೇಷಣೆ" ಅಂತ ಬರೆದರೆ ಅದು ಏನನ್ನೂ ಹೇಳುವುದಿಲ್ಲ. ಪೂರ್ತಿ ವಾಕ್ಯ ಬರೆಯಿರಿ. ತಲೆಬರಹಗಳನ್ನು ಮಾತ್ರ ಓದಿಕೊಂಡು ಹೋದರೂ ಕಥೆ ತಿಳಿಯಬೇಕು.

ಈಗ ಸ್ಲೈಡ್ ಮಾಡಿಕೊಡುವ, ಸಾರಾಂಶ ಬರೆಯುವ ಎಐ ಟೂಲ್‌ಗಳು ಕೈಯಲ್ಲೇ ಇವೆ. ಬಳಸಿ, ತಪ್ಪೇನಿಲ್ಲ. ಆದರೆ ಶುಕ್ರವಾರ 5 ಜನ ಮಾತ್ರ ಬಂದರು ಅನ್ನುವುದು ಚೆಕ್‌ರೋಲ್ ತೆರೆದವರಿಗೆ ಮಾತ್ರ ಗೊತ್ತು.

ಪುಟವನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯಿರಿ. ಕನ್ನಡದ್ದು ಅಕ್ಕನಿಗೆ, ಇಂಗ್ಲಿಷ್‌ನದ್ದು ನಿಮ್ಮ ಅಭ್ಯಾಸಕ್ಕೆ. ಇಂಗ್ಲಿಷ್‌ನಲ್ಲಿ ಮಾತಾಡಲು ಹೆದರಿ ಈ ಕೆಲಸದ ಕಡೆ ತಲೆ ಹಾಕದ ಎಷ್ಟೋ ಜಾಣ ಹುಡುಗ ಹುಡುಗಿಯರನ್ನು ನೋಡಿ ನನಗೆ ಬೇಜಾರಾಗಿದೆ. ಹೆದರಿಕೆ ಹೆಚ್ಚಿನ ಸಲ ಭಾಷೆಯದ್ದಲ್ಲ, ಹೇಳಬೇಕಾದ್ದು ಸ್ಪಷ್ಟ ಇಲ್ಲದ್ದರದ್ದು. ನೀವೇ ಮಾಡಿದ ಲೆಕ್ಕವನ್ನು, ನೀವೇ ನೋಡಿದ ತೋಟವನ್ನು ಎರಡು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಹೇಳಿ. ವ್ಯಾಕರಣ ಅಲ್ಲಲ್ಲಿ ತಪ್ಪಿದರೂ ಕೇಳುವವರಿಗೆ ವಿಷಯ ಮುಟ್ಟುತ್ತದೆ.

ನಿಮಗಿಂತ ಜಾಸ್ತಿ ಗೊತ್ತಿರುವವರ ಮುಂದೆ ನಿಂತು ಮಾತಾಡುವುದೂ ಇದರ ಜೊತೆಗೇ ಬರಬೇಕು. ಮೂವತ್ತು ವರ್ಷ ತೋಟ ಮಾಡಿದ ಮಾವನಿಗೆ ನೀವು ಕಾಫಿ ಬಗ್ಗೆ ಪಾಠ ಹೇಳಲು ಹೋದರೆ ಅಲ್ಲಿಗೆ ಮುಗಿಯಿತು. "ಮಾವ, ನಿಮ್ಮ ಪುಸ್ತಕದಲ್ಲಿ ನನಗೆ ಹೀಗೆ ಕಂಡಿತು, ನಿಮಗೆ ಏನನ್ಸುತ್ತೆ?" ಅಂತ ಇಡಿ. ಒಪ್ಪದಿದ್ದರೆ ಯಾವ ಅಂಕಿ ಒಪ್ಪುವುದಿಲ್ಲ ಅಂತ ಕೇಳಿ.

ಬಾಯಿ ಬಿಗಿ ಇರಲಿ

ಇದನ್ನು ಯಾವ ಕೋರ್ಸ್‌ನಲ್ಲೂ ಒತ್ತಿ ಹೇಳುವುದಿಲ್ಲ, ನಮ್ಮ ಊರಲ್ಲಿ ಮಾತ್ರ ಇದು ಮೊದಲನೇ ಪಾಠ. ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಒಬ್ಬರ ಔಟ್‌ಟರ್ನ್, ಸಾಲ, ಹೋಂಸ್ಟೇ ದರ ಇನ್ನೊಬ್ಬರ ಮದುವೆ ಮನೆಯಲ್ಲಿ ನಿಮ್ಮ ಬಾಯಿಂದ ಹೊರಬಿದ್ದರೆ ಆಮೇಲೆ ಯಾರೂ ಪುಸ್ತಕ ತೆರೆಯುವುದಿಲ್ಲ, ತೆರೆಯಲೂಬಾರದು. ಶುರುವಿನಲ್ಲೇ ಹೇಳಿಬಿಡಿ: ಅಂಕಿ ನನ್ನ ಹತ್ತಿರ ಮಾತ್ರ ಇರುತ್ತದೆ, ಬೇರೆ ಕಡೆ ಉದಾಹರಣೆ ಕೊಡುವಾಗ ಹೆಸರು, ಊರು ಬದಲಾಯಿಸುತ್ತೇನೆ. ಹೇಳಿದಂತೆ ನಡೆದುಕೊಳ್ಳಿ. ಹಾಗೇ ಕಾಫಿ ಈಗ ಮಾರಬೇಕಾ, ಇಟ್ಟುಕೊಳ್ಳಬೇಕಾ ಅಂತ ಕೇಳಿದರೆ ಬೆಲೆ ಭವಿಷ್ಯ ಹೇಳಬೇಡಿ. ರೊಬಸ್ಟಾ ದರ ಲಂಡನ್ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. 2024ರಲ್ಲಿ ಅದು ದಾಖಲೆ ಮಟ್ಟಕ್ಕೆ ಹೋಗಲು ವಿಯೆಟ್ನಾಂನ ಬರ ದೊಡ್ಡ ಕಾರಣ, ಅದನ್ನು ಇಲ್ಲಿ ಕೂತು ಹೇಳಲು ಆಗುತ್ತಿರಲಿಲ್ಲ. ಇಟ್ಟುಕೊಂಡರೆ ಬಡ್ಡಿ ಎಷ್ಟು, ದರ ಎಷ್ಟಕ್ಕೆ ಇಳಿದರೆ ನಷ್ಟ ಅಂತ ಲೆಕ್ಕ ಹಾಕಿ ಕೊಡಬಹುದು. ತೀರ್ಮಾನ ಅವರದ್ದು.

ಒಳಗೆ ಹೋಗುವ ದಾರಿ

ಮೆಕಿನ್ಸಿ, ಬಿಸಿಜಿ, ಬೇನ್ ಮುಖ್ಯವಾಗಿ ಐಐಎಂ, ಐಎಸ್‌ಬಿ, ಐಐಟಿ ಥರದ ಕ್ಯಾಂಪಸ್‌ಗಳಿಂದ ಜನರನ್ನು ತೆಗೆದುಕೊಳ್ಳುತ್ತವೆ. ಐಐಎಂಗೆ ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಇರುತ್ತದೆ, ಮೈಸೂರು, ಮಂಗಳೂರಿನಲ್ಲೂ ಕೇಂದ್ರ ಇರುತ್ತದೆ. ಅದೊಂದೇ ದಾರಿ ಅಲ್ಲ. ಮೇಲೆ ಹೇಳಿದ ಡೆಲಾಯ್ಟ್, ಪಿಡಬ್ಲ್ಯೂಸಿ ಥರದ ದೊಡ್ಡ ನಾಲ್ಕು ಕಂಪನಿಗಳು ಬಿ.ಕಾಂ, ಬಿಬಿಎ, ಇಂಜಿನಿಯರಿಂಗ್ ಮುಗಿಸಿದವರನ್ನೂ ಅನಲಿಸ್ಟ್ ಆಗಿ ತೆಗೆದುಕೊಳ್ಳುತ್ತವೆ, ಬೆಂಗಳೂರಿನಲ್ಲಿ ಇಂಥ ಕೆಲಸ ಬಹಳ ಇದೆ. ಕೃಷಿ ವ್ಯವಹಾರದ ಕಡೆ ಆಸಕ್ತಿ ಇದ್ದರೆ ಬೆಂಗಳೂರಿನ ಭಾರತೀಯ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಡಿಗ್ರಿ ಆದ ಮೇಲೆ ಮಾಡುವ ಮ್ಯಾನೇಜ್‌ಮೆಂಟ್ ಕೋರ್ಸ್ ಇದೆ. ತೋಟದ ಹಿನ್ನೆಲೆ ಇದ್ದವರು ಅದನ್ನು ಒಮ್ಮೆಯಾದರೂ ನೋಡಬೇಕು ಅಂತ ನನ್ನ ಅಭಿಪ್ರಾಯ.

ಎಲ್ಲಿ ಹೋದರೂ ಕೇಸ್ ಇಂಟರ್‌ವ್ಯೂ ಇರಬಹುದು. ಒಂದು ಕಂಪನಿಯ ತೊಂದರೆ ಹೇಳಿ ಅರ್ಧ ಗಂಟೆಯಲ್ಲಿ ದಾರಿ ತೋರಿಸಿ ಅನ್ನುತ್ತಾರೆ. "ಫಿಲ್ಟರ್ ಕಾಫಿ ಪುಡಿ ಮಾರುವ ಕಂಪನಿಯ ಲಾಭ ಎರಡು ವರ್ಷದಲ್ಲಿ ಇಳಿದಿದೆ, ಯಾಕೆ?" ಅಂತ ಕೇಳಿದರು ಅಂದುಕೊಳ್ಳಿ. ಬೇರೆಯವರು ಜಾಹೀರಾತಿನಿಂದ ಶುರು ಮಾಡಬಹುದು. ನೀವು ಬೀಜದ ಬೆಲೆ, ಅರೇಬಿಕಾ ಎಷ್ಟು ರೊಬಸ್ಟಾ ಎಷ್ಟು, ಚಿಕೋರಿ ಎಷ್ಟು ಅಂತ ಕೇಳುತ್ತೀರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮ ಇದೆ. ಅಂದರೆ ಬೀಜದ ಬೆಲೆ ಏರಿದಾಗ ಕಂಪನಿಗೆ ಮಿಶ್ರಣ ಬದಲಾಯಿಸಲು ಎಷ್ಟು ಜಾಗ ಇದೆ, ಗ್ರಾಹಕರಿಗೆ ರುಚಿ ಗೊತ್ತಾಗುವುದು ಯಾವಾಗ, ಅದರ ಬದಲು ಪ್ಯಾಕೆಟ್ ಸಣ್ಣದು ಮಾಡಿದರೆ ಏನಾಗುತ್ತದೆ ಅಂತ ಯೋಚನೆ ಹೋಗುತ್ತದೆ. ಅಭ್ಯಾಸಕ್ಕೆ ಇಬ್ಬರು ಗೆಳೆಯರು ಸಾಕು. ವಾರಕ್ಕೊಮ್ಮೆ ಫೋನ್‌ನಲ್ಲಿ ಒಬ್ಬರು ಕೇಳುವುದು, ಒಬ್ಬರು ಹೇಳುವುದು, ಆಮೇಲೆ ಅದಲು ಬದಲು. ಕ್ಯಾಲ್ಕುಲೇಟರ್ ಇಲ್ಲದೆ ಶೇಕಡಾ ಲೆಕ್ಕ ಮಾಡುವುದನ್ನು ಈಗಿಂದಲೇ ಶುರು ಮಾಡಿ.

ಯಾವಾಗ ಏನು

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಲ್ಲಿ ಜನ ಮನೆಯಲ್ಲಿರುತ್ತಾರೆ, ಮಾತಿಗೆ ಸಿಗುತ್ತಾರೆ. ಮೊದಲ ಕೆಲಸ ಆಗ ಹಿಡಿಯಿರಿ. ಕರೆಂಟ್, ನೆಟ್‌ವರ್ಕ್ ನಂಬಬೇಡಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಕ್ಯಾಟ್ ಅರ್ಜಿಯೂ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಸೆಪ್ಟೆಂಬರ್ ಹೊತ್ತಿಗೆ ಸಹಕಾರ ಸಂಘಗಳ ಮಹಾಸಭೆ ಬರುತ್ತದೆ, ಸದಸ್ಯರಿಗೆ ವರದಿ ಪುಸ್ತಕ ಕೊಡುತ್ತಾರೆ. ಮನೆಗೆ ಬಂದದ್ದನ್ನು ಎಸೆಯಬೇಡಿ. ಲಾಭ ನಷ್ಟದ ಪಟ್ಟಿ, ಆಸ್ತಿ ಜವಾಬ್ದಾರಿ ಪಟ್ಟಿ ಓದಲು ಕಲಿಯುವುದಕ್ಕೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ. ಮೂರು ವರ್ಷದ್ದು ಪಕ್ಕ ಪಕ್ಕ ಇಟ್ಟು ಏನು ಬದಲಾಗಿದೆ ಅಂತ ಹುಡುಕಿ, ಸಾಧ್ಯವಾದರೆ ಸಭೆಗೆ ಹೋಗಿ ಒಂದು ಪ್ರಶ್ನೆ ಕೇಳಿ.

ಡಿಸೆಂಬರ್‌ನಿಂದ ಮಾರ್ಚ್ ಕೊಯ್ಲು. ಆಗ ಯಾರ ಹತ್ತಿರವೂ ಪುಸ್ತಕ ಕೇಳಲು ಹೋಗಬೇಡಿ. ಸಂಜೆ ಹಣ್ಣು ತೂಗುವ ಜಾಗದಲ್ಲಿ ಸುಮ್ನೆ ನಿಂತು ನೋಡಿ, ಸಹಾಯ ಬೇಕಾದರೆ ಮಾಡಿ. ಏಪ್ರಿಲ್ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಆಗ ಮತ್ತೆ ಹೋಗಿ, ನಿಮ್ಮ ಪುಟದಲ್ಲಿದ್ದ ಅಂಕಿಗೂ ಅವರ ಪುಸ್ತಕದ ಅಂಕಿಗೂ ಎಷ್ಟು ವ್ಯತ್ಯಾಸ ಬಂತು ಅಂತ ಸಾಲು ಸಾಲಾಗಿ ಹೋಲಿಸಿ ಬರೆದಿಡಿ. ಹೆಸರು ತೆಗೆದು ಆ ಹಾಳೆಯನ್ನು ಇಂಟರ್‌ವ್ಯೂಗೆ ಹೋಗುವಾಗ ಜೊತೆಗಿಟ್ಟುಕೊಳ್ಳಿ. ರೆಸ್ಯೂಮೆಯಲ್ಲಿ ಈ ಕೆಲಸದ ಬಗ್ಗೆ ಒಂದು ಸಾಲು ಇದ್ದರೆ ಮೊದಲು ಕೇಳುವುದು ಅದನ್ನೇ: ನೀವು ಹೇಳಿದ್ದನ್ನು ಅವರು ಮಾಡಿದ್ರಾ, ಮಾಡಿದ ಮೇಲೆ ಏನಾಯ್ತು?